ಮಾವ, ಅಳಿಯ ಮತ್ತು ಗೇರುಬೀಜ

ಬ್ಲಾಗಿಗೆ ಧೂಳು ಹಿಡಿದು ನಾಲ್ಕು ತಿಂಗಳಾಯಿತು. "ಎಂತ ಮಾರಾಯ, ಬರೆಯುವುದನ್ನು ಬಿಟ್ಟೇ ಬಿಟ್ಟೆಯಾ?" ಅಂತ ಇಬ್ಬರು ಮೂವರು ಕೇಳಿದ್ದೂ ಆಯಿತು. ಬಿಟ್ಟಿಲ್ಲ ಮಾರ್ರೆ. ಬರೆಯುವಂಥದ್ದು ಏನೂ ಆಗಿರಲಿಲ್ಲ, ಅಷ್ಟೆ. ಈಗ ಆಗಿದೆ. ಆಗಿದ್ದು ಬರೆಯಬೇಕೋ ಬೇಡವೋ ಅಂತ ಎರಡು ವಾರ ಯೋಚಿಸಿ, ಕೊನೆಗೆ ಬರೆದರೆ ನನಗಾದರೂ ಸ್ವಲ್ಪ ತಿಳಿಯಾದೀತು ಅಂತ ಕೂತಿದ್ದೇನೆ.

ಹೋದ ತಿಂಗಳ ಒಂದು ಭಾನುವಾರ ಕಾರ್ಕಳದಿಂದ ಮಾವನ ಫೋನು. "ಊಟಕ್ಕೆ ಬಾ, ಮಾತಾಡ್ಲಿಕ್ಕುಂಟು." ಮಾವ ಅಂದರೆ ಅಮ್ಮನ ಅಣ್ಣ. ಊಟಕ್ಕೆ ಕರೆಯುವುದು ಹೊಸತಲ್ಲ, ಮಾತಾಡ್ಲಿಕ್ಕುಂಟು ಅಂದದ್ದು ಹೊಸತು. ನಾನಿರುವುದು ಮಣಿಪಾಲದಲ್ಲಿ, ಮನೆ ಕಾಪುವಿನಲ್ಲಿ. ಬೈಕು ಹತ್ತಿ ಪರ್ಕಳ, ಹಿರಿಯಡ್ಕ, ಬೈಲೂರು ದಾಟುವಾಗ ದಾರಿಯುದ್ದಕ್ಕೂ ಯೋಚನೆ, ಮದುವೆ ವಿಷಯವೇ ಇರಬೇಕು ಅಂತ. :-)

ಮದುವೆ ವಿಷಯ ಅಲ್ಲ. ಕೋಳಿ ಸುಕ್ಕ, ನೀರು ದೋಸೆ ಎಲ್ಲ ಮುಗಿದ ಮೇಲೆ ಮಾವ ಜಗಲಿಯಲ್ಲಿ ಕೂತು ಅಂದರು, "ನನಗೆ ಅರುವತ್ತನಾಲ್ಕು ಆಯ್ತು. ಹೃದಯಕ್ಕೆ ಸ್ಟೆಂಟೂ ಬಿತ್ತು. ಫ್ಯಾಕ್ಟರಿ ಇನ್ನು ನೀನು ನೋಡ್ಕೊ. ನಮ್ಮಲ್ಲಿ ಅಳಿಯನಿಗೇ ಅಲ್ವಾ ಬರುವುದು?"

ಆ ಹೊತ್ತಿಗೆ ಅಕ್ಕ, ಅಂದರೆ ಮಾವನ ಒಬ್ಬಳೇ ಮಗಳು, ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳು ಏನೂ ಹೇಳಲಿಲ್ಲ. ಚಹಾ ಇಟ್ಟು ಒಳಗೆ ಹೋದಳು. ನಾನು ಆ ಚಹಾ ಕುಡಿದೆನೋ ಇಲ್ಲವೋ ಈಗ ನೆನಪಿಲ್ಲ.

*

ಘಟ್ಟದ ಮೇಲಿನವರಿಗೆ ಸ್ವಲ್ಪ ವಿವರಣೆ ಬೇಕು. ನಮ್ಮ ತುಳುನಾಡಿನ ಕೆಲವು ಸಮುದಾಯಗಳಲ್ಲಿ ಅಳಿಯಸಂತಾನ ಅಂತ ಒಂದು ಕಟ್ಟಳೆ ಇತ್ತು. ಕುಟುಂಬ ತಾಯಿಯ ಕಡೆಯಿಂದ ನಡೆಯುವುದು, ಆಸ್ತಿಯೂ ಹಾಗೆಯೇ. ಗಂಡಸಿನ ಯಜಮಾನಿಕೆ ಅವನ ಮಗನಿಗಲ್ಲ, ಅಕ್ಕ ತಂಗಿಯರ ಮಗನಿಗೆ. ಮಕ್ಕಳು ಅವರ ತಾಯಿಯ ಕುಟುಂಬಕ್ಕೆ ಸೇರಿದವರು. ಭೂತಾಳ ಪಾಂಡ್ಯನ ಕಾಲದಿಂದ ಬಂದದ್ದು ಅಂತ ಕಥೆ. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಪಾಲು ಮಾಡಿಕೊಳ್ಳಲು ದಾರಿ ಮಾಡಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದ ಮೇಲೆ ಗಂಡಸಿನ ಪಾಲು ಅವನ ಹೆಂಡತಿ ಮಕ್ಕಳ ಕಡೆಗೂ ಹೋಗುವಂತಾಯಿತು. ಕಾನೂನಿನಲ್ಲಿ ಕಟ್ಟಳೆ ಮುಗಿಯಿತು, ಮನಸ್ಸಿನಲ್ಲಿ ಇನ್ನೂ ಪೂರ್ತಿ ಮುಗಿದಿಲ್ಲ.

ನಮ್ಮ ಫ್ಯಾಕ್ಟರಿಯೇ ಸಾಕ್ಷಿ. ಗೇರುಬೀಜದ ಫ್ಯಾಕ್ಟರಿ. 1962ರಲ್ಲಿ ಶುರು ಮಾಡಿದ್ದು ಅಜ್ಜಿಯ ಅಣ್ಣ, ನಾವು ದೊಡ್ಡಜ್ಜ ಅನ್ನುತ್ತೇವೆ. ಅವರ ಗಂಡುಮಕ್ಕಳು ಮುಂಬಯಿಯ ಹೋಟೆಲುಗಳಲ್ಲಿ ಬೇರೂರಿದ್ದರು. ಮಾವ ಹದಿನಾಲ್ಕನೇ ವಯಸ್ಸಿನಿಂದ ಅಂಗಳದಲ್ಲಿ ಬೀಜ ಒಣಗಿಸುತ್ತ, ಲಾರಿ ಲೆಕ್ಕ ಬರೆಯುತ್ತ ಬೆಳೆದವರು. 1988ರಲ್ಲಿ ದೊಡ್ಡಜ್ಜ ಅಳಿಯನಿಗೇ ಕೊಟ್ಟರು, ಮಕ್ಕಳು ಒಪ್ಪಿ ಸಹಿ ಹಾಕಿದರು. ಊರಿನವರು ಕಟ್ಟಳೆ ಪ್ರಕಾರ ಸರಿಯಾಯ್ತು ಅಂದರು. ಈಗ ಯೋಚಿಸಿದರೆ ಅದು ಕಟ್ಟಳೆಯ ಕೆಲಸವೋ, ಅಥವಾ ಆ ಅಂಗಳದಲ್ಲಿ ಕೆಲಸ ಕಲಿತವನು ಅವನೊಬ್ಬನೇ ಆಗಿದ್ದನೋ, ಹೇಳುವುದು ಕಷ್ಟ.

ನಾನೋ, ಕೀಬೋರ್ಡು ಕುಟ್ಟುವವ. ಇಂಜಿನಿಯರಿಂಗ್ ಓದಿ, ಆರು ವರ್ಷದಿಂದ ಯಾರದ್ದೋ ಪೇಮೆಂಟ್ ಸಾಫ್ಟ್‌ವೇರಿನ ಬಗ್ ಹೆಕ್ಕುತ್ತಿದ್ದೇನೆ. ಬೀಜ ತಿನ್ನುವುದು ಬಿಟ್ಟರೆ ಅದರ ಬಗ್ಗೆ ಗೊತ್ತಿರುವುದು ಕಡಿಮೆ. ಆದರೂ ನಿಜ ಹೇಳುತ್ತೇನೆ, ಮಾವ ಕೇಳಿದ ಕೂಡಲೇ ಒಳಗೊಳಗೇ ಖುಷಿಯಾಯಿತು. ಆಫೀಸಿನಲ್ಲಿ ದಿನಾ ಯಾರನ್ನು ಕಳಿಸುತ್ತಾರೋ ಅನ್ನುವ ಭಯ, ಇಲ್ಲಿ 120 ಜನರ ಫ್ಯಾಕ್ಟರಿಗೆ ಧಣಿ ಆಗುವ ಅವಕಾಶ. ಯಾರಿಗೆ ಬೇಡ?

*

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮನೆತನದ ಕಂಪೆನಿಗಳು ನಿಜವಾಗಿ ಚೆನ್ನಾಗಿ ನಡೆಯುತ್ತವಾ ಅಂತ ಹುಡುಕುತ್ತಾ ಕೂತೆ. ನಮಗೆ ಎಲ್ಲದಕ್ಕೂ ಡೇಟಾ ಬೇಕಲ್ಲ, ಚಟ.

ಮೊದಲು ಕಣ್ಣಿಗೆ ಬಿದ್ದದ್ದು ಕಿಟಕಿಯಾಚೆಗಿನ ಮಣಿಪಾಲವೇ. 1925ರಲ್ಲಿ ಉಡುಪಿಯಲ್ಲಿ ಮೂವರು ಸೇರಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಕಟ್ಟಿದರು. ವ್ಯಾಪಾರಿ ಉಪೇಂದ್ರ ಅನಂತ ಪೈ, ಇಂಜಿನಿಯರ್ ವಾಮನ ಕುಡ್ವ, ಡಾಕ್ಟರು ಟಿ.ಎಂ.ಎ. ಪೈ. ಬಂಡವಾಳ 8,000 ರೂಪಾಯಿ. ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಬೇಕು ಅನ್ನುವುದು ಆಸೆ. 1928ರಲ್ಲಿ ಪಿಗ್ಮಿ ಡೆಪಾಸಿಟ್ ತಂದರು. ಬ್ಯಾಂಕಿನ ಏಜೆಂಟ್ ದಿನಾ ಮನೆ ಬಾಗಿಲಿಗೆ ಬಂದು ಎರಡಾಣೆಯಾದರೂ ಸರಿ, ತೆಗೆದುಕೊಂಡು ಹೋಗುವುದು. ಇವತ್ತು ನಾವು ಮೊಬೈಲಿನಲ್ಲಿ ಫಿನ್‌ಟೆಕ್ ಫಿನ್‌ಟೆಕ್ ಅಂತ ಕುಣಿಯುತ್ತೇವಲ್ಲ, ಅದರ ಅಜ್ಜ ಅಂಗಿ ಕಿಸೆಯಲ್ಲಿ ಪುಸ್ತಕ ಇಟ್ಟುಕೊಂಡು ಸೈಕಲ್ಲಿನಲ್ಲಿ ಓಡಾಡುತ್ತಿದ್ದ!

ಆ ಉಪಾಯಕ್ಕೆ ದೊಡ್ಡ ಯಂತ್ರ ಬೇಕಿರಲಿಲ್ಲ. ಊರಿನವರ ಕೈಯಲ್ಲಿ ಒಟ್ಟಿಗೆ ದುಡ್ಡು ಇರುವುದಿಲ್ಲ, ದಿನಾ ಸ್ವಲ್ಪ ಇರುತ್ತದೆ ಅನ್ನುವ ತಿಳಿವಳಿಕೆ ಸಾಕಿತ್ತು. ಬ್ಯಾಂಕು 1969ರ ಜುಲೈ 19ರಂದು ರಾಷ್ಟ್ರೀಕರಣವಾದ ಹದಿನಾಲ್ಕರಲ್ಲಿ ಒಂದಾಯಿತು, 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನಲ್ಲಿ ಸೇರಿ ಹೆಸರೂ ಹೋಯಿತು. ಆದರೆ ಪಿಗ್ಮಿ ಅನ್ನುವ ಶಬ್ದ ಇವತ್ತಿಗೂ ನಮ್ಮ ಕಡೆ ಸೊಸೈಟಿಗಳಲ್ಲಿ ಬದುಕಿದೆ. ಅಕ್ಕನ ಮಗುವಿನ ಹೆಸರಿನಲ್ಲೂ ಒಂದು ಪಿಗ್ಮಿ ಇದೆ.

ಇನ್ನೊಂದು ನಮ್ಮ ಜಿಲ್ಲೆಯವರದ್ದೇ. ಕೋಟದ ಹತ್ತಿರದ ಪಾರಂಪಳ್ಳಿಯ ಯಜ್ಞನಾರಾಯಣ ಮಯ್ಯರು ಸೋದರರ ಜೊತೆ 1924ರಲ್ಲಿ ಬೆಂಗಳೂರಲ್ಲಿ ಶುರು ಮಾಡಿದ ಹೋಟೆಲು, ಮುಂದೆ ಎಂಟಿಆರ್. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ರವೆಯಲ್ಲಿ ಇಡ್ಲಿ ಮಾಡಿ ನೋಡಿದರು. ರವೆ ಇಡ್ಲಿ ಹುಟ್ಟಿದ್ದು ಹಾಗೆ ಅಂತ ಅವರ ಮನೆಯವರೇ ಹೇಳುತ್ತಾರೆ. ತುರ್ತುಪರಿಸ್ಥಿತಿಯಲ್ಲಿ ಸರಕಾರ ಹೋಟೆಲು ತಿಂಡಿಗೆ ದರ ಕಟ್ಟಿದಾಗ ನಷ್ಟ ತಾಳದೆ ಹೋಟೆಲು ಮುಚ್ಚಿ, ಪುಡಿ ಮತ್ತು ಮಿಕ್ಸು ಮಾರಲು ಹೊರಟರು. ಆ ಪೊಟ್ಟಣದ ವ್ಯಾಪಾರವೇ ಬೆಳೆದು 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪೆನಿಗೆ ಮಾರಾಟವಾಯಿತು. ಹೋಟೆಲು ಮಾತ್ರ ಮನೆತನದ ಕೈಯಲ್ಲೇ ಉಳಿಯಿತು. ಬೇರೆಯವರಾಗಿದ್ದರೆ ಬಾಗಿಲು ಹಾಕಿ ಸಂಬಳದ ಇನ್ನೊಂದು ಕೆಲಸ ಹುಡುಕುತ್ತಿದ್ದರು. ಮನೆತನಕ್ಕೆ ಹೋಗಲಿಕ್ಕೆ ಬೇರೆ ಜಾಗ ಇರಲಿಲ್ಲ. ಇಲ್ಲೇ ಏನಾದರೂ ಮಾಡಬೇಕಿತ್ತು, ಮಾಡಿದರು.

ಇಷ್ಟು ಓದುವಷ್ಟರಲ್ಲಿ ನಾನು ರಾಜೀನಾಮೆ ಪತ್ರದ ಮೊದಲ ಸಾಲು ಮನಸ್ಸಿನಲ್ಲೇ ಬರೆದು ಆಗಿತ್ತು. :-)

*

ಆಮೇಲೆ ಸಿಕ್ಕಿದವು ಪ್ರೊಫೆಸರುಗಳ ಲೆಕ್ಕಗಳು. 2003ರಲ್ಲಿ ಆಂಡರ್ಸನ್ ಮತ್ತು ರೀಬ್ ಅನ್ನುವವರು ಅಮೆರಿಕದ ದೊಡ್ಡ 500 ಕಂಪೆನಿಗಳ ಪಟ್ಟಿ ನೋಡಿದರು. ಅದರಲ್ಲಿ ಸುಮಾರು ಮೂರನೇ ಒಂದು ಭಾಗದಲ್ಲಿ ಸ್ಥಾಪಕರ ಮನೆತನ ಇನ್ನೂ ಇತ್ತು, ಮತ್ತು ಅವು ಉಳಿದವಕ್ಕಿಂತ ಚೆನ್ನಾಗಿ ನಡೆಯುತ್ತಿದ್ದವು. ಆಹಾ ಅಂದುಕೊಂಡೆ.

ಆದರೆ 2006ರಲ್ಲಿ ವಿಲ್ಲಲೊಂಗಾ ಮತ್ತು ಅಮಿತ್ ಅದನ್ನೇ ಬಿಡಿಸಿ ನೋಡಿದರು. ಕಟ್ಟಿದವನೇ ಚುಕ್ಕಾಣಿ ಹಿಡಿದಿದ್ದರೆ, ಇಲ್ಲವೇ ಅವನು ಅಧ್ಯಕ್ಷನಾಗಿದ್ದು ಹೊರಗಿನವರು ನಡೆಸಿದರೆ, ಕಂಪೆನಿಯ ಬೆಲೆ ಏರುತ್ತದೆ. ವಂಶದ ಕುಡಿ ಬಂದು ಕೂತರೆ ಇಳಿಯುತ್ತದೆ. ಅಂದರೆ ಮನೆತನ ಒಳ್ಳೆಯದು, ಮೊಮ್ಮಕ್ಕಳು ಅಪಾಯ!

ನಿಜವಾಗಿ ಚುಚ್ಚಿದ್ದು ಡೆನ್ಮಾರ್ಕಿನದ್ದು. 2007ರಲ್ಲಿ ಪ್ರಕಟವಾದ ಅಧ್ಯಯನ. ಕಂಪೆನಿ ಕೆಟ್ಟದ್ದು ಮಗ ಬಂದದ್ದರಿಂದಲೋ, ಅಥವಾ ಕೆಡುತ್ತಿದ್ದ ಕಂಪೆನಿಗೆ ಮಗನೇ ಬರಬೇಕಾಯಿತೋ ಅಂತ ಗೊತ್ತಾಗುವುದು ಹೇಗೆ? ಅವರು ಒಂದು ಜಾಣ ದಾರಿ ಹಿಡಿದರು. ಯಜಮಾನನ ಚೊಚ್ಚಲ ಮಗು ಗಂಡೋ ಹೆಣ್ಣೋ ಅಂತ ನೋಡಿದರು. ಅದು ಕಂಪೆನಿಯ ಲಾಭ ನಷ್ಟ ನೋಡಿ ಆಗುವುದಲ್ಲವಲ್ಲ. ಚೊಚ್ಚಲು ಗಂಡಾದ ಮನೆಗಳಲ್ಲಿ ಕುರ್ಚಿ ಮನೆಯೊಳಗೇ ಉಳಿಯುವುದು ಹೆಚ್ಚು, ಹೆಣ್ಣಾದಲ್ಲಿ ಹೊರಗಿನವರನ್ನು ತರುವುದು ಹೆಚ್ಚು. ಮನೆಯೊಳಗೇ ಉಳಿದ ಕಡೆ, ಆಸ್ತಿಯ ಮೇಲಿನ ಗಳಿಕೆ ಕಡಿಮೆಯೆಂದರೂ ಶೇಕಡಾ ನಾಲ್ಕರಷ್ಟು ಅಂಶ ಬಿದ್ದಿತ್ತು.

ಮಕ್ಕಳ ಸಮಾನತೆಗೆ ಹೆಸರಾದ ಡೆನ್ಮಾರ್ಕಿನಲ್ಲೇ ಹೆಣ್ಣು ಹುಟ್ಟಿದರೆ ಕುರ್ಚಿ ಹೊರಗೆ ಹೋಗುತ್ತದೆ ಅಂದರೆ, ಕಾರ್ಕಳದ ನಮ್ಮ ಮಾವನಿಗೆ ಎಂತ ಹೇಳುವುದು! ಅವರು ಹೊರಗಿನವರನ್ನೂ ತರಲಿಲ್ಲ. ಹಳೆಯ ಕಟ್ಟಳೆ ತೆಗೆದು ನನ್ನನ್ನು ತಂದರು.

ಜಪಾನಿನವರು ಇದಕ್ಕೊಂದು ಉಪಾಯ ಮಾಡಿಕೊಂಡಿದ್ದಾರೆ. ಮಗ ಸಾಲದಿದ್ದರೆ, ಕೆಲಸ ಬಲ್ಲ ಹುಡುಗನಿಗೆ ಮಗಳನ್ನು ಕೊಟ್ಟು ಅವನನ್ನೇ ದತ್ತು ತೆಗೆದುಕೊಳ್ಳುವುದು. ನಮ್ಮ ಮಾರುತಿ ಕಾರಿಗೆ ಜೊತೆಯಾದ ಸುಜುಕಿ ಕಂಪೆನಿಯನ್ನು ದಶಕಗಳ ಕಾಲ ನಡೆಸಿದ ಒಸಾಮು ಸುಜುಕಿ ಹುಟ್ಟಿನಿಂದ ಸುಜುಕಿ ಅಲ್ಲ, ಹಾಗೆ ಬಂದ ಅಳಿಯ. ಅಲ್ಲಿ ದತ್ತು ಬಂದವರು ನಡೆಸಿದ ಕಂಪೆನಿಗಳು ಹೊಟ್ಟೆಯಲ್ಲಿ ಹುಟ್ಟಿದವರು ನಡೆಸಿದವಕ್ಕಿಂತ ಚೆನ್ನಾಗಿದ್ದವು ಅಂತ 2013ರ ಒಂದು ಅಧ್ಯಯನ ಹೇಳುತ್ತದೆ. ನೋಡಿ, ಅಳಿಯಂದಿರಿಗೆ ಎಲ್ಲ ಕಡೆ ಬೆಲೆ ಇದೆ ಅಂತ ನಾನು ಎದೆಯುಬ್ಬಿಸಬಹುದಿತ್ತು. ಆದರೆ ಆ ಅಳಿಯಂದಿರನ್ನು ಆರಿಸಿದ್ದು ಕೆಲಸ ನೋಡಿ. ನನ್ನನ್ನು ಆರಿಸಿದ್ದು ನಾನು ತಂಗಿಯ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೆ.

*

ಈಗ ಫ್ಯಾಕ್ಟರಿಯ ವಿಷಯಕ್ಕೆ ಬರುತ್ತೇನೆ, ನನ್ನ ಮರ್ಯಾದೆ ಹೋದ ಕಥೆಯೂ ಇದೆ.

ಮೂರು ವರ್ಷದ ಹಿಂದೆ ನಾನು ಮಾವನಿಗೊಂದು ಸ್ಪ್ರೆಡ್‌ಶೀಟ್ ಮಾಡಿಕೊಟ್ಟೆ. ಬೀಜ ಒಡೆಯುವ ಅಟೋಮ್ಯಾಟಿಕ್ ಮಿಷನ್ ತಂದರೆ ಎಷ್ಟು ವರ್ಷದಲ್ಲಿ ಹಣ ವಾಪಸ್ಸು ಅಂತ. ವಿಯೆಟ್ನಾಮಿನವರು ಮಿಷನ್ ಹಾಕಿ 2000ರ ದಶಕದಲ್ಲೇ ತಿರುಳಿನ ರಫ್ತಿನಲ್ಲಿ ನಮ್ಮನ್ನು ಹಿಂದೆ ಹಾಕಿದ್ದಾರೆ, ನಾವಿನ್ನೂ ಹೆಂಗಸರನ್ನು ಕೂರಿಸಿ ಕೈಯಲ್ಲಿ ಒಡೆಸುತ್ತಿದ್ದೇವೆ ಅಂತ ಭಾಷಣವನ್ನೂ ಮಾಡಿದೆ. ಮಾವ ಒಂದೇ ಪ್ರಶ್ನೆ ಕೇಳಿದರು. "ತುಂಡು ಎಷ್ಟು ಬರ್ತದೆ?"

ಗೇರುಬೀಜದ ವ್ಯಾಪಾರ ನಿಂತಿರುವುದೇ ಇಡೀ ತಿರುಳಿನ ಮೇಲೆ. 180, 240, 320 ಅಂತ ನಂಬರು ಇರುತ್ತದಲ್ಲ, ಅದು ಒಂದು ಪೌಂಡಿಗೆ ಸುಮಾರು ಎಷ್ಟು ತಿರುಳು ಅನ್ನುವ ಲೆಕ್ಕ. ನಂಬರು ಕಡಿಮೆಯಾದಷ್ಟೂ ತಿರುಳು ದೊಡ್ಡದು, ರೇಟೂ ದೊಡ್ಡದು. ತುಂಡಾದರೆ ಬೆಲೆ ಬಿತ್ತು. ನನ್ನ ಶೀಟಿನಲ್ಲಿ ತುಂಡಿಗೆ ಕಾಲಮ್ಮೇ ಇರಲಿಲ್ಲ!

ಮಾವ ಬೇಡ ಅಂದದ್ದಕ್ಕೆ ಇನ್ನೊಂದು ಕಾರಣ ಅವರು ಹೇಳಲಿಲ್ಲ, ನನಗೆ ಗೊತ್ತಿತ್ತು. ಒಡೆಯುವ ಹೆಂಗಸರಲ್ಲಿ ಕೆಲವರ ಅಮ್ಮಂದಿರು ದೊಡ್ಡಜ್ಜನ ಕಾಲದವರು. ಸಿಪ್ಪೆಯ ಎಣ್ಣೆಗೆ ಕೈ ಸುಡಬಾರದು ಅಂತ ಬೂದಿ ಹಚ್ಚಿಕೊಂಡು ಕೂರುತ್ತಿದ್ದವರು. ಅವರ ಮದುವೆ, ಬಾಣಂತನ, ಸಾವು ಎಲ್ಲದಕ್ಕೂ ಮಾವ ಹೋಗುತ್ತಾರೆ. ಅವರನ್ನು ಮನೆಗೆ ಕಳಿಸುವ ಲೆಕ್ಕಕ್ಕೆ ಮಾವ ಸಹಿ ಹಾಕುವವರಲ್ಲ. ಮನೆತನದ ಕಂಪೆನಿ ನಿಧಾನ ಅನ್ನುವುದು ಇದಕ್ಕೇ. ಬೈದರೂ ಸರಿ, ಮೆಚ್ಚಿದರೂ ಸರಿ.

ಆ ಗಂಟು ಬಿಡಿಸಿದ್ದು ಅಕ್ಕ. ಅವಳು ಬಿ.ಕಾಂ. ಮಾಡಿ, ಭಾವ ಉಡುಪಿಯಲ್ಲಿ ಕೆಲಸದಲ್ಲಿದ್ದರೂ, ಏಳು ವರ್ಷದಿಂದ ದಿನಾ ಬಂದು ಫ್ಯಾಕ್ಟರಿಯ ಲೆಕ್ಕ ಬರೆಯುತ್ತಾಳೆ. ಒಡೆಯುವವರಿಗೆ ಕೂಲಿ ತಿರುಳಿನ ಕಿಲೋ ಲೆಕ್ಕದಲ್ಲಿ. ಸಣ್ಣ ಬೀಜ ಬಂದ ದಿನ ಎಷ್ಟು ಒಡೆದರೂ ತೂಕ ಬರುವುದಿಲ್ಲ, ಅವತ್ತು ಎಲ್ಲರ ಮುಖ ಸಣ್ಣ. ರಜೆಯೂ ಜಾಸ್ತಿ. ಹಾಜರಿ ಪುಸ್ತಕವನ್ನೂ ಲಾರಿಯ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟು ಇದನ್ನು ಹಿಡಿದದ್ದು ಅವಳು. ಬೀಜವನ್ನು ಗಾತ್ರ ನೋಡಿ ಬೇರೆ ಮಾಡುವ ಜರಡಿ ಮೊದಲೇ ಇತ್ತು. "ಸಣ್ಣದಕ್ಕೆ ಮಾತ್ರ ಎರಡು ಮಿಷನ್ ತರುವ, ದೊಡ್ಡದು ಅವರಿಗೇ ಇರಲಿ" ಅಂದಳು. ತಂದರು. ಸಣ್ಣದು ತುಂಡಾದರೂ ನಷ್ಟ ಕಡಿಮೆ. ಹೆಂಗಸರ ಕೂಲಿ ಏರಿತು, ಯಾರೂ ಮನೆಗೆ ಹೋಗಲಿಲ್ಲ.

ನನ್ನ ಕೊಡುಗೆ? ಒಂದು ಸ್ಟಾಕ್ ಆ್ಯಪ್. ಒಂದು ಚೀಲ ನಮೂದಿಸಲು 14 ಕಡೆ ಒತ್ತಬೇಕು. ತೂಕದ ಗುಮಾಸ್ತರು ಎರಡು ದಿನ ಒತ್ತಿ, ಮೂರನೇ ದಿನ ಪುನಃ ಚೀಲದ ಮೇಲೆ ಸೀಮೆಸುಣ್ಣದಲ್ಲಿ ಬರೆಯತೊಡಗಿದರು. ಅಕ್ಕ ಆ ಸೀಮೆಸುಣ್ಣದ ಬರಹದ ಫೋಟೋ ವಾಟ್ಸಾಪಿನಲ್ಲಿ ತರಿಸಿಕೊಂಡು ಸಂಜೆ ಲೆಕ್ಕಕ್ಕೆ ಏರಿಸುತ್ತಾಳೆ. ಇವತ್ತಿಗೂ ನಡೆಯುತ್ತಿರುವುದು ಅದೇ.

2016ರಲ್ಲಿ 42 ದೇಶಗಳ 108 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದ ಒಂದು ಲೇಖನ ಇದೆ. ಮನೆತನದ ಕಂಪೆನಿಗಳು ಹೊಸತನಕ್ಕೆ ಹಾಕುವ ಹಣ ಉಳಿದವಕ್ಕಿಂತ ಕಡಿಮೆ, ಹೊರಬರುವ ಹೊಸತನ ಮಾತ್ರ ಹೆಚ್ಚು ಅಂತ ಅದರ ಸಾರ. ಓದುವಾಗ ನನಗೆ ಕಂಡದ್ದು ಅಕ್ಕಪಕ್ಕ ಇಟ್ಟ ಆ ಎರಡು ಪುಸ್ತಕ. ಸ್ವಂತ ಹಣ ಅಂದಮೇಲೆ ಎಣಿಸಿ ಹಾಕುತ್ತಾರೆ. ಒಳಗಿನ ಸಂಗತಿ ಗೊತ್ತಿರುವುದರಿಂದ ಬೇಕಾದಲ್ಲೇ ಹಾಕುತ್ತಾರೆ. ಆದರೆ ಆ ತಿಳಿವಳಿಕೆ ರಕ್ತದಲ್ಲಿ ಬರುವುದಲ್ಲ, ಅಂಗಳದಲ್ಲಿ ನಿಂತು ಬರುವುದು. ದೊಡ್ಡಜ್ಜನ ನಂತರ ಮಾವ ನಿಂತರು. ಮಾವನ ನಂತರ ನಿಂತಿರುವುದು ನಾನಲ್ಲ.

*

ಮುಂದಿನ ಭಾನುವಾರ ಪುನಃ ಹೋದೆ. ಮಾವನಿಗೆ ಎದುರು ಮಾತಾಡಿ ಅಭ್ಯಾಸವಿಲ್ಲ, ಗಂಟಲು ಒಣಗಿತ್ತು.

"ಮಾವ, ನನಗೆ ಬೇಡ. ಅಕ್ಕನಿಗೆ ಕೊಡಿ. ಬಾಯಲ್ಲಿ ಹೇಳುವುದಲ್ಲ, ಪಾಲುದಾರಿಕೆ ಪತ್ರದಲ್ಲಿ ಬರೆದು ಕೊಡಿ."

ಮಾವ ತುಂಬಾ ಹೊತ್ತು ಅಂಗಳ ನೋಡಿದರು. ಆಮೇಲೆ, "ಅವಳು ಹೆಣ್ಣು ಹುಡುಗಿ. ರಾತ್ರಿ ಎರಡು ಗಂಟೆಗೆ ಪೋರ್ಟಿನಿಂದ ಲಾರಿ ಬಂದ್ರೆ ಯಾರು ನಿಲ್ಲುದು?"

"ಹೋದ ಮಳೆಗಾಲ ನೀವು ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ರಲ್ಲ, ಆಗ ಯಾರು ನಿಂತದ್ದು?"

ಮಾವ ಉತ್ತರ ಕೊಡಲಿಲ್ಲ. ನಾನಂತೂ ಆ ಹನ್ನೊಂದು ದಿನ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಮೀಟಿಂಗ್ ಮಾಡುತ್ತಿದ್ದೆ. ಆಫ್ರಿಕಾದ ಬೀಜ ಬಂದು, ಮಳೆಯಲ್ಲಿ ಇಳಿಸಿ, ಒಂದು ಚೀಲವೂ ಒದ್ದೆಯಾಗದ ಹಾಗೆ ಗೋದಾಮಿಗೆ ಹಾಕಿಸಿದ್ದು ಅವಳು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ನನಗೂ ಗುಮಾಸ್ತರು ಹೇಳಿಯೇ ಗೊತ್ತಾದದ್ದು.

ಹೊರಡುವಾಗ ಅಕ್ಕ ಗೇಟಿನ ತನಕ ಬಂದಳು. "ನಿನಗೆ ಬೇಡ ಅಂತ ನನಗೆ ಕೊಡಿಸಿದ್ದಾ?" ಅಂತ ಕೇಳಿದಳು. ನಗುತ್ತಲೇ ಕೇಳಿದಳು, ಆದರೆ ಪ್ರಶ್ನೆ ನಗುವಿನದ್ದಲ್ಲ. "ಅಲ್ಲ, ನನಗೂ ಬೇಕಿತ್ತು" ಅಂದೆ. ಅದು ಸತ್ಯ. ಅವಳು ತಲೆ ಆಡಿಸಿ, ಹಿಡಿದುಕೊಂಡು ಬಂದಿದ್ದ ಪ್ಲಾಸ್ಟಿಕ್ ತೊಟ್ಟೆ ಕೈಗಿಟ್ಟಳು. ಒಂದು ಕಿಲೋ 240.

ಮೊನ್ನೆ ಬುಧವಾರ ಅವಳಿಂದ ಮೆಸೇಜು ಬಂತು. ಮಾವ ಅವಳನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿ, ಚೆಕ್ಕಿಗೆ ಅವಳ ಸಹಿಯೂ ನಡೆಯುವ ಹಾಗೆ ಬರೆದುಕೊಟ್ಟರಂತೆ. ಪಾಲುದಾರಿಕೆ ಪತ್ರದ ಮಾತು ಇನ್ನೂ ಎತ್ತಿಲ್ಲ. ಕುರ್ಚಿ ಇನ್ನೂ ಮಾವನದ್ದೇ. ಇರಲಿ, ಆ ಬ್ಯಾಂಕಿನ ಪುಸ್ತಕದಲ್ಲಿ ನಮ್ಮ ಫ್ಯಾಕ್ಟರಿಯ ಪರವಾಗಿ ಹೆಂಗಸೊಬ್ಬಳ ಸಹಿ ಬಿದ್ದದ್ದು ಇದೇ ಮೊದಲು.

ಇತ್ತ ಕಾಪುವಿನಲ್ಲಿ ಅಮ್ಮ ನನ್ನ ಹತ್ತಿರ ಸರಿಯಾಗಿ ಮಾತಾಡುತ್ತಿಲ್ಲ. ಅಮ್ಮನ ಲೆಕ್ಕ ಬೇರೆ. ಕಟ್ಟಳೆ ಪ್ರಕಾರ ಅಕ್ಕ ಅತ್ತೆಯ ಕುಟುಂಬದವಳು. "ನಮ್ಮ ಕುಟುಂಬದ್ದು ಹೊರಗೆ ಹೋಯ್ತು, ನೀನೇ ಕೊಟ್ಟೆ. ಅಣ್ಣ ಕೇಳಿದ್ದಕ್ಕೆ ಇಲ್ಲ ಅಂದೆ" ಅಂತ ಒಂದು ಸಲ ಅಂದವಳು ಮತ್ತೆ ಆ ವಿಷಯ ಎತ್ತಿಲ್ಲ. ತಾಯಿಯ ಕಡೆಯಿಂದಲೇ ಎಲ್ಲ ನಡೆಯಬೇಕು ಅನ್ನುವ ಕಟ್ಟಳೆಯಲ್ಲಿ ಹೆಣ್ಣಿಗೆ ಇಷ್ಟು ಬೆಲೆ ಇತ್ತಲ್ಲ, ಹಾಗಾದರೆ ಹೆಣ್ಣೊಬ್ಬಳು ನಡೆಸಿದರೆ ಎಂತ ತಪ್ಪು ಅಂತ ಕೇಳಬೇಕು ಅಂತಿದ್ದೇನೆ. ಧೈರ್ಯ ಬಂದಿಲ್ಲ.

ನಿಮ್ಮಲ್ಲೂ ಅಂಗಡಿ, ಹೋಟೆಲು, ಪ್ರೆಸ್ಸು, ಮಿಲ್ಲು ಇರುವ ಮನೆಯವರು ಕೆಲವರಿದ್ದೀರಿ ಅಂತ ಗೊತ್ತು. ನಿಮ್ಮ ಮನೆಯಲ್ಲಿ ಏನಾಯಿತು, ಹೇಳಿ. ನಾನು ಮಾಡಿದ್ದು ಸರಿಯೋ ತಪ್ಪೋ, ಅದನ್ನೂ ಹೇಳಿ.

ಸದ್ಯಕ್ಕೆ ಅಡುಗೆಮನೆಯಿಂದ ಹುರಿದ ಬೀಜದ ಪರಿಮಳ ಬರುತ್ತಿದೆ. ಅಕ್ಕ ಕೊಟ್ಟ 240. ಅಮ್ಮ ಮಾತಾಡದಿದ್ದರೂ ಪಾಯಸಕ್ಕೆ ಹಾಕುತ್ತಿದ್ದಾಳೆ.